ಇದು ವಾಚಲ್ಲ ಮಾಣಿ, ಬಳೆ!

ಕಳೆದ ವರ್ಷ ಮದುವೆ ಸೀಸನ್ನಿನಲ್ಲಿ ಬಡಿಸಲು ಹೋಗಿ ಕೂಡಿಟ್ಟ ದುಡ್ಡಿನಲ್ಲಿ ನಾನೊಂದು ವಾಚು ತರಿಸಿದೆ. ಆನ್‌ಲೈನ್‌ನಲ್ಲಿ, 1,899 ರೂಪಾಯಿಗೆ. ಕಡುಹಸಿರು ಪಟ್ಟಿ, ದಪ್ಪನೆಯ ಕಪ್ಪು ಕೇಸು, ದೊಡ್ಡ ಡಯಲ್ಲಿನೊಳಗೆ ಮತ್ತೆ ಮೂರು ಪುಟ್ಟ ಡಯಲ್ಲು. ಜಾಹೀರಾತಿನಲ್ಲಿ ಅದನ್ನು ಕಟ್ಟಿಕೊಂಡವನು ಬಂಡೆಯೊಂದಕ್ಕೆ ಹಗ್ಗ ಹಾಕಿ ನೇತಾಡುತ್ತಿದ್ದ. ನಮ್ಮ ಹಟ್ಟಿಯಂಗಡಿಯಲ್ಲಿ ಅಂಥ ಬಂಡೆ ಎಲ್ಲಿದೆ ಎಂದು ನಾನು ಯೋಚಿಸಲಿಲ್ಲ. ಕಾಲೇಜಿಗೆ ಕಟ್ಟಿಕೊಂಡು ಹೋದ ಮೊದಲ ದಿನ ಮೂರು ಜನ ರೇಟು ಕೇಳಿದರು. ಅಷ್ಟು ಸಾಕಾಗಿತ್ತು.

ಸೆಪ್ಟೆಂಬರ್‌ನಲ್ಲಿ ನಾಲ್ವರು ಗೆಳೆಯರು ಕೊಡಚಾದ್ರಿಗೆ ಹೊರಟೆವು. ಕೊಲ್ಲೂರಿನಿಂದ ಜೀಪು. ಮೇಲೆ ಇಳಿಸಿದ ಚಾಲಕರು ಮೂರೂವರೆಗೆ ಸರಿಯಾಗಿ ವಾಪಸ್ ಬರಬೇಕು ಎಂದರು. ಮಳೆ ಎಂದು ಫೋನುಗಳನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದೇ ಬ್ಯಾಗಿಗೆ ತುಂಬಿದ್ದೆವು. ವಾಚು ಇದ್ದದ್ದು ನನ್ನ ಕೈಯಲ್ಲಿ ಮಾತ್ರ, ಹಾಗಾಗಿ ಟೈಮ್ ನೋಡುವ ಜವಾಬ್ದಾರಿಯೂ ನನ್ನದೇ. ಸರ್ವಜ್ಞ ಪೀಠದ ಹತ್ತಿರ ಮಂಜು ಎಷ್ಟಿತ್ತೆಂದರೆ ಎದುರಿಗೆ ಕೂತವನ ಮುಖ ಕಾಣುತ್ತಿರಲಿಲ್ಲ. ವಾಚು ನೋಡಿದೆ, ಎರಡೂ ಇಪ್ಪತ್ತು. ಆರಾಮವಾಗಿ ಕೂತು ಹರಟಿದೆವು. ಮತ್ತೆ ನೋಡಿದಾಗಲೂ ಎರಡೂ ಇಪ್ಪತ್ತೇ. ಗಾಜಿನ ಒಳಗೆ ನೀರಹನಿಗಳು ಕೂತಿದ್ದವು. ಬ್ಯಾಗು ಬಿಚ್ಚಿ ಫೋನು ತೆಗೆದರೆ ನಾಲ್ಕೂ ಹತ್ತು.

ನಮ್ಮ ಜೀಪು ಹೋಗಿಯಾಗಿತ್ತು. ಅದು ಚಾಲಕರ ತಪ್ಪಲ್ಲ. ಬೇರೆ ತಂಡವೊಂದರ ಕೈಕಾಲು ಹಿಡಿದು ಕೆಳಗಿಳಿಯುವಾಗ ಕತ್ತಲಾಗಿತ್ತು, ಊರಿಗೆ ಬಸ್ಸೂ ಇರಲಿಲ್ಲ. ರಾತ್ರಿ ಕೊಲ್ಲೂರಿನಲ್ಲೇ ಕಳೆಯಿತು. ಇಷ್ಟೇ ಆಗಿದ್ದರೆ ನಗುತ್ತಾ ಹೇಳಿಕೊಳ್ಳುವ ಕಥೆ. ಆದರೆ ನಮ್ಮಲ್ಲೊಬ್ಬನಿಗೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಣಿಪಾಲದಲ್ಲಿ ಇಂಟರ್‌ವ್ಯೂ ಇತ್ತು. ಮನೆಗೆ ಓಡಿ, ಅಂಗಿ ಬದಲಿಸಿ, ಫೈಲು ಹಿಡಿದು ಅವನು ಅಲ್ಲಿ ಮುಟ್ಟುವಾಗ ಹನ್ನೊಂದು. ಒಳಗೆ ಬಿಡಲಿಲ್ಲ. ಇವತ್ತಿನವರೆಗೂ ಅವನು ನನಗೆ ಒಂದು ಮಾತು ಬೈದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ವಾಚನ್ನು ಕುಂದಾಪುರ ಪೇಟೆಯ ರಿಪೇರಿಯವರೊಬ್ಬರ ಹತ್ತಿರ ಒಯ್ದೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ನೋಡಿ, "ಇದ್ ವಾಚಲ್ಲ ಮಾಣಿ, ಬಳೆ" ಎಂದರು. ಅಷ್ಟು ದೊಡ್ಡ ಕೇಸಿನ ನಡುವೆ ಹೆಂಗಸರ ಸಣ್ಣ ವಾಚಿನ ಅಳತೆಯ ಒಂದು ಮಷೀನು, ಸುತ್ತ ಖಾಲಿ ಪ್ಲಾಸ್ಟಿಕ್ಕು. ಮೂರು ಪುಟ್ಟ ಡಯಲ್ಲುಗಳ ಮುಳ್ಳುಗಳು ಬರೀ ಅಂಟಿಸಿದವು, ಯಾವತ್ತೂ ತಿರುಗುವಂಥವಲ್ಲ. ಪಕ್ಕದ ಎರಡು ಗುಂಡಿ ಒತ್ತಿದರೆ ಒಳಗೆ ಏನೂ ಇಲ್ಲ. ನೀರು ತಡೆಯಬೇಕಾದ ರಬ್ಬರ್ ರಿಂಗು ನೂಲಿನಷ್ಟು ತೆಳ್ಳಗಿತ್ತು, ಅದೂ ಒಂದು ಕಡೆ ಮಡಚಿಕೊಂಡಿತ್ತು.

ನಮ್ಮ ವಯಸ್ಸಿನವರಿಗೆ ಮಾರುವ 'ಆರ್ಮಿ ಲುಕ್', 'ಅಡ್ವೆಂಚರ್ ಲುಕ್' ವಾಚುಗಳಲ್ಲಿ ಆ ಕೊನೆಯ ಪದವನ್ನು ಸರಿಯಾಗಿ ಓದಿ. ಅದು ಬರೀ ಲುಕ್ಕು. ಗಟ್ಟಿತನ ಕಣ್ಣಿಗೆ ಕಾಣದ ಜಾಗದಲ್ಲಿರುತ್ತದೆ ಎಂಬುದು ಆ ದಿನದ ನಂತರ ನಾನು ಕೇಳಿ, ಓದಿ ತಿಳಿದದ್ದು.

ಜಪಾನಿನ ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ ಅವರ ಕಥೆ ನನಗೆ ಬಹಳ ಹಿಡಿಸಿತು. ಅಪ್ಪ ಕೊಟ್ಟ ವಾಚು ಕೈಜಾರಿ ಬಿದ್ದು ಒಡೆದುಹೋದದ್ದೇ ಅವರಿಗೆ ತಲೆಗೆ ಹತ್ತಿತು. ಹತ್ತು ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು, ಹತ್ತು ಬಾರ್ ನೀರಿನ ಒತ್ತಡ ತಡೆಯಬೇಕು, ಬ್ಯಾಟರಿ ಹತ್ತು ವರ್ಷ ಬರಬೇಕು ಎಂದು ಹಟ ಹಿಡಿದರು. ಮಾದರಿ ಮಾಡುವುದು, ಕಟ್ಟಡದ ಮೇಲಿನ ಕಿಟಕಿಯಿಂದ ಕೆಳಗೆ ಹಾಕುವುದು, ಒಡೆದದ್ದನ್ನು ಹೆಕ್ಕಿಕೊಂಡು ಬರುವುದು. ಇನ್ನೂರರಷ್ಟು ಮಾದರಿಗಳಾದವು. ಹುಡುಗಿಯೊಬ್ಬಳು ಚೆಂಡು ಪುಟಿಸುತ್ತಿದ್ದುದನ್ನು ಕಂಡಾಗ, ಮಷೀನು ಚೆಂಡಿನೊಳಗೆ ತೇಲುವ ಹಾಗಿದ್ದರೆ ಪೆಟ್ಟು ತಾಗುವುದಿಲ್ಲ ಎಂದು ಹೊಳೆಯಿತಂತೆ. 1983ರಲ್ಲಿ ಜಿ-ಶಾಕ್ ಬಂದದ್ದು ಹಾಗೆ. ಅದು ನೋಡಲು ಒರಟಾಗಿರುವುದು ಒಳಗಿನ ಕಾರಣಕ್ಕೆ. ನನ್ನ ವಾಚು ಒರಟಾಗಿದ್ದದ್ದು ಅದನ್ನು ನೋಡಿ.

ಇನ್ನು ನಮ್ಮ ಕರಾವಳಿಗೆ ಬರೋಣ. ಇಲ್ಲಿ ವಾಚು ಬೀಳುವುದಕ್ಕಿಂತ ನೆನೆಯುವುದು ಜಾಸ್ತಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಮಳೆ ನಿಂತರೆ ಬೆವರು. ಗಂಗೊಳ್ಳಿ ಅಳಿವೆ ಕಡೆ ಹೋದರೆ ಉಪ್ಪುಗಾಳಿ. ಹಾಗಾಗಿ ವಾಚಿನ ಹಿಂಬದಿ ತಿರುಗಿಸಿ ಮೊದಲು ಓದಬೇಕಾದದ್ದು ನೀರಿನ ಲೆಕ್ಕ. '30 ಮೀಟರ್' ಎಂದಿದ್ದರೆ ಅದನ್ನು ಕಟ್ಟಿಕೊಂಡು 30 ಮೀಟರ್ ಮುಳುಗಬಹುದು ಎಂದಲ್ಲ. ಹೊಸ ವಾಚನ್ನು ಅಲುಗಾಡಿಸದೆ ಅಷ್ಟು ಒತ್ತಡಕ್ಕೆ ಪರೀಕ್ಷಿಸಿದ್ದಾರೆ ಎಂದಷ್ಟೇ ಅರ್ಥ. ಕೈ ತೊಳೆಯುವಾಗ ಹಾರುವ ಹನಿಗೆ ಅದು ಸಾಕು, ವಾರಾಹಿಯಲ್ಲಿ ಈಜಲು ಸಾಲದು. ಈಜುವುದಿದ್ದರೆ, ಜಡಿಮಳೆಯಲ್ಲಿ ಬೈಕು ಓಡಿಸುವುದಿದ್ದರೆ 100 ಮೀಟರ್, ಅಂದರೆ 10 ಬಾರ್ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. ನನ್ನ ಹಳೆಯ ವಾಚಿನ ಹಿಂದೆ ಬರೀ 'ವಾಟರ್' ಎಂದು ಆರಂಭವಾಗುವ ಎರಡು ಪದವಿತ್ತು, ಅಂಕಿ ಇರಲಿಲ್ಲ.

ರಿಪೇರಿಯವರು ಹೇಳಿದ ಇನ್ನೊಂದು ಮಾತನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಆ ರಬ್ಬರ್ ರಿಂಗಿಗೆ ಆಯುಷ್ಯವಿದೆ. ಬೆವರು, ಸಾಬೂನು, ಬಿಸಿನೀರು ತಾಗಿ ಅದು ಗಟ್ಟಿಯಾಗುತ್ತದೆ, ಬಿರಿಯುತ್ತದೆ. ಬ್ಯಾಟರಿ ಬದಲಿಸುವಾಗ ಅದನ್ನೂ ನೋಡಿ, ಬೇಕಿದ್ದರೆ ಬದಲಿಸಬೇಕು. ನಾವು ಹತ್ತು ರೂಪಾಯಿ ಉಳಿಸಲು ರಸ್ತೆ ಬದಿಯಲ್ಲಿ ಬ್ಯಾಟರಿ ಹಾಕಿಸಿ, ನೂರು ಮೀಟರಿನ ವಾಚನ್ನು ಸೊನ್ನೆ ಮೀಟರಿಗೆ ಇಳಿಸಿಕೊಳ್ಳುತ್ತೇವೆ.

ಪಟ್ಟಿಯ ವಿಷಯ ಚಿಕ್ಕದು. ಚರ್ಮದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯುತ್ತದೆ, ಬೇಡ. ನೈಲಾನ್ ಬಟ್ಟೆಯದ್ದು ತೊಳೆದು ಒಣಗಿಸಬಹುದು.

'ಕ್ಲಾಸಿಕ್' ಎಂದ ಕೂಡಲೇ ನಮ್ಮಲ್ಲಿ ಬರುವ ಹೆಸರು ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆ ಅದು, ಮುಂದೆ ತುಮಕೂರಿನಲ್ಲೂ ಘಟಕ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಪ್ಪು ಡಯಲ್ಲು, ಬೆಳ್ಳನೆಯ ದೊಡ್ಡ ಅಂಕಿಗಳ ಅದರ 'ಪೈಲಟ್' ಈಗ ಹುಡುಗರಿಗೆ ಹುಚ್ಚು ಹಿಡಿಸಿದೆ. ಅದರ ಅಂದಕ್ಕೆ ನನ್ನದೂ ಮತವಿದೆ. ಕತ್ತಲಾಗುವ ಹೊತ್ತಿನಲ್ಲೂ ಒಂದೇ ನೋಟಕ್ಕೆ ಗಂಟೆ ತಿಳಿಯುತ್ತದೆ, ವಾಚಿನ ಕೆಲಸವೇ ಅದು. ಆದರೆ ಸುಳ್ಳು ಹೇಳಬಾರದು. ಅದನ್ನು ದಿನಾ ಕೀಲಿ ಕೊಟ್ಟು ನೋಡಿಕೊಳ್ಳಬೇಕು, ಮಳೆಗೆ ಒಡ್ಡುವಂತಿಲ್ಲ. ನನ್ನ ಅಜ್ಜಯ್ಯ ದೋಣಿಯಲ್ಲಿ ಹೊಳೆ ದಾಟುವಾಗ ತಮ್ಮ ಎಚ್‌ಎಂಟಿ 'ಜನತಾ'ವನ್ನು ಬಿಚ್ಚಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಅಂಗಿಯ ಒಳಜೇಬಿಗೆ ಹಾಕುತ್ತಿದ್ದರಂತೆ. ಹಾಗೆ ಕಾಪಾಡಿದ್ದಕ್ಕೇ ಅದು ಇನ್ನೂ ಓಡುತ್ತಿದೆ. ಇನ್ನೊಂದು ಎಚ್ಚರಿಕೆ: ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಹೊಳೆಯುತ್ತಾ ಸಿಗುವ 'ಹಳೆಯ ಪೈಲಟ್'ಗಳಲ್ಲಿ ಬಹಳಷ್ಟಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ಲು, ಬೇರೆ ಬೇರೆ ವಾಚುಗಳ ಭಾಗಗಳು. ಎಚ್‌ಎಂಟಿ ಬೇಕೆಂದರೆ ಮೊದಲು ನಿಮ್ಮ ಮನೆಯ ಗೋಡ್ರೇಜ್ ಹುಡುಕಿ. ಸಿಕ್ಕರೆ ಕ್ಲೀನ್ ಮಾಡಿಸಿ ಆದಿತ್ಯವಾರ ಕಟ್ಟಿಕೊಳ್ಳಿ, ಬೆಟ್ಟಕ್ಕೆ ಬೇರೆ ಇರಲಿ.

ಸಾಹಸಿಗಳ ವಾಚು ಎಂದರೆ ಲಕ್ಷಗಟ್ಟಲೆ ಎಂಬ ನಂಬಿಕೆಯೂ ಇದೆ. 1953ರ ಎವರೆಸ್ಟ್ ಯಾತ್ರೆಯ ಹೆಸರಿನಲ್ಲಿ ರೋಲೆಕ್ಸ್ ಸಾಕಷ್ಟು ಹೆಸರು ಮಾಡಿತು. ಆ ತಂಡದ ಬಳಿ ಸ್ಮಿತ್ಸ್ ಎಂಬ ಇಂಗ್ಲಿಷ್ ಕಂಪನಿಯ ವಾಚುಗಳೂ ಇದ್ದವು, ಹಿಲರಿಯವರ ಕೈಯಲ್ಲಿದ್ದದ್ದು ಅದೇ ಎನ್ನುವವರಿದ್ದಾರೆ. ಈ ಜಗಳ ಇನ್ನೂ ಮುಗಿದಿಲ್ಲ. ಎರಡೂ ಮೂರು ಮುಳ್ಳಿನ ಸರಳ ವಾಚುಗಳು ಎಂಬುದನ್ನು ಮಾತ್ರ ಯಾರೂ ಜಗಳದಲ್ಲಿ ನೆನಪಿಸಿಕೊಳ್ಳುವುದಿಲ್ಲ.

ಸ್ಮಾರ್ಟ್‌ವಾಚ್ ಇದೆಯಲ್ಲ ಎನ್ನಬಹುದು. ಓಡುವವರಿಗೆ, ಹೆಜ್ಜೆ ಎಣಿಸುವವರಿಗೆ ಅದು ಸರಿ. ಆದರೆ ಚಾರ್ಜರ್ ಹಿಡಿದುಕೊಂಡು ಬೆಟ್ಟ ಹತ್ತುವುದು ನನಗೆ ಯಾಕೋ ಸರಿಬರುವುದಿಲ್ಲ.

ಕೆಲಸ ಹುಡುಕುವ ನಮ್ಮಂಥವರಿಗೆ ಎರಡು ವಾಚು ಕೊಳ್ಳುವ ತಾಕತ್ತಿಲ್ಲ, ಅದೇ ಮುಖ್ಯ ವಿಷಯ. ನೀಟ್‌ನಂಥ ಪರೀಕ್ಷೆಗಳಲ್ಲಿ ವಾಚನ್ನು ಗೇಟಿನಲ್ಲೇ ಬಿಚ್ಚಿಸುತ್ತಾರೆ, ಹಾಗಾಗಿ ಆ ಮಾತು ಬಿಡಿ. ಇಂಟರ್‌ವ್ಯೂಗೆ ಹೋಗುವಾಗ ಅಂಗಿಯ ತೋಳಿನೊಳಗೆ ಸೇರದ, ಟೊಮೆಟೊ ಗಾತ್ರದ ವಾಚು ಕಟ್ಟಿಕೊಂಡರೆ ಎದುರಿಗಿದ್ದವರ ಕಣ್ಣು ಅಲ್ಲಿಗೇ ಹೋಗುತ್ತದೆ. ಅದೇ ಸಾದಾ ಡಯಲ್ಲು, ಸ್ಟೀಲ್ ಕೇಸು, ನೂರು ಮೀಟರಿನ ಕ್ವಾರ್ಟ್ಜ್ ಆಗಿದ್ದರೆ ಬೆಟ್ಟಕ್ಕೂ ಸೈ, ಇಂಟರ್‌ವ್ಯೂಗೂ ಸೈ. ಪಟ್ಟಿ ಬದಲಿಸಿದರೆ ಮದುವೆಗೂ ಆಗುತ್ತದೆ. ಅಂಗಡಿಗೆ ಹೋಗುವ ಮುಂಚೆ ನಿಮ್ಮೂರಿನ ರಿಪೇರಿಯವರನ್ನು ಒಂದು ಪ್ರಶ್ನೆ ಕೇಳಿ: ಈ ಕಂಪನಿಯದ್ದು ಹಾಳಾದರೆ ನಿಮಗೆ ತೆಗೆಯಲು ಬರುತ್ತದಾ, ಸಾಮಾನು ಸಿಗುತ್ತದಾ? ಅವರು ತಲೆ ಅಲ್ಲಾಡಿಸಿದರೆ ಬಿಟ್ಟುಬಿಡಿ.

ಈ ಸಲದ ಸೀಸನ್ ಮುಗಿದ ಮೇಲೆ ನಾನು ಅಂಥದ್ದೊಂದನ್ನು ಕುಂದಾಪುರದ ಅಂಗಡಿಯಲ್ಲೇ, ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಂಡೆ. 2,600 ರೂಪಾಯಿ. ಡಯಲ್ಲಿನಲ್ಲಿ ಮೂರು ಮುಳ್ಳು, ಮೂರೂ ತಿರುಗುತ್ತವೆ. ಕಾಲೇಜಿನಲ್ಲಿ ಯಾರೂ ರೇಟು ಕೇಳಲಿಲ್ಲ. ಮಳೆಗಾಲ ಕಳೆಯಿತು, ಗಾಜಿನೊಳಗೆ ಒಂದು ಹನಿ ಇಲ್ಲ.

ಮೊನ್ನೆ ಗೆಳೆಯನಿಗೆ ಬೆಂಗಳೂರಿನಿಂದ ಮತ್ತೆ ಇಂಟರ್‌ವ್ಯೂ ಕರೆ ಬಂತು. ರಾತ್ರಿ ಬಸ್ಸು ಹತ್ತಿಸಲು ಹೋದಾಗ ವಾಚು ಬಿಚ್ಚಿ ಅವನ ಕೈಗೆ ಕಟ್ಟಿದೆ. ಅವನು ನೋಡಿ, "ಇದ್ ಓಡ್ತತ್ತಾ?" ಎಂದ. ಸದ್ಯಕ್ಕೆ ನಾನು ಫೋನಿನಲ್ಲಿ ಟೈಮ್ ನೋಡುತ್ತಿದ್ದೇನೆ.