ಕತ್ತಲೆ ಕೋಣೆಯ ಹನ್ನೊಂದು ತಾಬೋತ್‌ಗಳು

ಲಂಡನ್ನಿಗೆ ಹೋದ ಕನ್ನಡಿಗರು ಮಾಡುವಂತೆ ನಾನೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ ಟಿಪ್ಪುವಿನ ಹುಲಿಯ ಮುಂದೆ ನಿಂತಿದ್ದೆ. ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ನಮ್ಮ ಸೊತ್ತು ಎಂದು ಹಲ್ಲು ಕಡಿದೆ, ಫೋಟೋ ತೆಗೆದುಕೊಂಡೆ, ಹೊರಟೆ. ಅದೇ ಮ್ಯೂಸಿಯಂನ ಸಂಗ್ರಹದಲ್ಲಿ ಇಥಿಯೋಪಿಯಾದ ಬಂಗಾರದ ಕಿರೀಟವೊಂದಿದೆ ಎಂಬುದು ಆಗ ಗೊತ್ತಿರಲಿಲ್ಲ. ಅದು ಅಲ್ಲಿಗೆ ಬಂದ ಕತೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ ಎಂಬುದಂತೂ ಗೊತ್ತೇ ಇರಲಿಲ್ಲ.

ಚಕ್ರವರ್ತಿ ಎರಡನೇ ತೆವೊದ್ರೋಸ್ ಕೆಲವು ಯುರೋಪಿಯನ್ನರನ್ನು ಸೆರೆಯಲ್ಲಿಟ್ಟಿದ್ದ. ಅವರನ್ನು ಬಿಡಿಸಲು ರಾಬರ್ಟ್ ನೇಪಿಯರ್‌ನ ಸೇನೆ ಹೊರಟದ್ದು ಬೊಂಬಾಯಿಯಿಂದ. ತೋಪು ಹೊತ್ತದ್ದು ಭಾರತದ ಆನೆಗಳು. ನಡೆದವರಲ್ಲಿ ಬೆಂಗಳೂರು ನೆಲೆಯ ಮದ್ರಾಸ್ ಸ್ಯಾಪರ್ಸ್ ಕೂಡ ಇದ್ದರು. ಆ ಪಡೆಯ ಯುದ್ಧಗೌರವಗಳ ಪಟ್ಟಿಯಲ್ಲಿ ಇಂದಿಗೂ ‘ಅಬಿಸೀನಿಯಾ’ ಎಂಬ ಹೆಸರಿದೆ. 1868ರ ಏಪ್ರಿಲ್ 13ರಂದು ಮಕ್ದಲಾ ಕೋಟೆ ಬಿತ್ತು. ತೆವೊದ್ರೋಸ್ ಗುಂಡಿಕ್ಕಿಕೊಂಡು ಸತ್ತ. ಆಮೇಲೆ ಲೂಟಿ. 15 ಆನೆ, ಸುಮಾರು 200 ಹೇಸರಗತ್ತೆ ಹೊತ್ತ ಸೊತ್ತನ್ನು ಬಯಲಿನಲ್ಲಿ ಹರಾಜು ಹಾಕಿದರು. ಕೊಳ್ಳಲು ಬ್ರಿಟಿಷ್ ಮ್ಯೂಸಿಯಂನವನೊಬ್ಬ ಸೇನೆಯ ಜೊತೆಗೇ ಬಂದಿದ್ದ! ಏಳು ವರ್ಷದ ರಾಜಕುಮಾರ ಅಲೆಮಾಯೆಹುವನ್ನೂ ಕರೆದೊಯ್ದರು. ಅವನು 18ಕ್ಕೇ ತೀರಿಕೊಂಡ. ವಿಂಡ್ಸರ್‌ನಲ್ಲಿರುವ ಅವನ ಅಸ್ಥಿಯನ್ನಾದರೂ ಕೊಡಿ ಎಂದರೆ 2023ರಲ್ಲೂ ಅರಮನೆ ಆಗದು ಎಂದಿತು.

ಲೋಕದ ಜನ ನೋಡಲಿ, ವಿದ್ವಾಂಸರು ಓದಲಿ ಎಂದು ಕಾಪಾಡುತ್ತಿದ್ದೇವೆ ಎಂಬುದು ಮ್ಯೂಸಿಯಂಗಳ ಹಳೆಯ ವಾದ. ಹಾಗಾದರೆ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಹನ್ನೊಂದು ತಾಬೋತ್‌ಗಳ ಮಾತೇನು? ತಾಬೋತ್ ಎಂದರೆ ಇಥಿಯೋಪಿಯಾದ ಚರ್ಚಿನ ಗರ್ಭಗುಡಿಯಲ್ಲಿರುವ ಪವಿತ್ರ ಹಲಗೆ. ಅದಿಲ್ಲದೆ ಚರ್ಚು ಚರ್ಚೇ ಅಲ್ಲ. ಪಾದ್ರಿಗಳ ಹೊರತು ಯಾರೂ ಅದನ್ನು ನೋಡುವಂತಿಲ್ಲ. ಮ್ಯೂಸಿಯಂ ಆ ನಿಯಮವನ್ನು ಗೌರವಿಸುತ್ತದಂತೆ. ಅದಕ್ಕೇ ಅವನ್ನು ಮುಚ್ಚಿದ ಕೋಣೆಯಲ್ಲಿಟ್ಟಿದೆ. ಪ್ರದರ್ಶನವಿಲ್ಲ, ಅಧ್ಯಯನವಿಲ್ಲ, ಅಲ್ಲಿನ ಕ್ಯುರೇಟರುಗಳೂ ನೋಡುವಂತಿಲ್ಲ. ಉಳಿದದ್ದು ಒಂದೇ, ‘ನಮ್ಮ ಹತ್ತಿರ ಇದೆ’ ಎಂಬ ಹಟ. ಕೊಡದಿರುವುದಕ್ಕೆ ಇದಕ್ಕಿಂತ ಬೆತ್ತಲೆಯಾದ ಕಾರಣ ಬೇಕೆ?

ಈ ಸೊತ್ತು ಮರಳಲಿ ಎಂದು ರಾಸ್ತಾಫಾರಿಗಳೂ ಕೇಳುತ್ತಿದ್ದಾರೆ. ರಾಸ್ತಾಫಾರಿ ಎಂದರೆ ನಮ್ಮ ಹಾಸ್ಟೆಲುಗಳಲ್ಲಿ ಬಾಬ್ ಮಾರ್ಲಿಯ ಟಿ-ಶರ್ಟು, ಜಡೆ, ಗಾಂಜಾ; ಅಷ್ಟೇ. ಗುಲಾಮರಾಗಿ ಸಾಗಿಸಲಾದ ಆಫ್ರಿಕನ್ನರ ಮೊಮ್ಮಕ್ಕಳು 1930ರ ದಶಕದ ಜಮೈಕಾದಲ್ಲಿ ಕಟ್ಟಿಕೊಂಡ ಈ ಧರ್ಮದ ಜೀವಾಳವೇ ಮರಳುವಿಕೆ. ತಮ್ಮನ್ನು ಸೆರೆಯಿಟ್ಟ ವ್ಯವಸ್ಥೆಗೆ ಅವರಿಟ್ಟ ಹೆಸರು ಬ್ಯಾಬಿಲಾನ್. ಬೈಬಲ್ಲಿನಲ್ಲಿ ಜೆರುಸಲೇಮಿನ ಜನರನ್ನೂ ದೇವಾಲಯದ ಪಾತ್ರೆಗಳನ್ನೂ ಒಟ್ಟಿಗೇ ಹೊತ್ತೊಯ್ದದ್ದು ಬ್ಯಾಬಿಲಾನ್. ಪರ್ಷಿಯಾದ ಸೈರಸ್ ಆ ಪಾತ್ರೆಗಳನ್ನು ಎಣಿಸಿ ಮರಳಿಸಿದ. ಎರವಲು ಕೊಡಲಿಲ್ಲ. 2018ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಇಥಿಯೋಪಿಯಾದ ಮುಂದಿಟ್ಟದ್ದು ದೀರ್ಘಾವಧಿಯ ಎರವಲು!

ರಾಸ್ತಾಫಾರಿಗಳು ದೇವರೆಂದು ನಂಬುವ ಹೈಲೆ ಸೆಲಾಸ್ಸಿಯ ಹಳೆಯ ಹೆಸರು ರಾಸ್ ತಫಾರಿ. ಆತ 1924ರಲ್ಲಿ ಲಂಡನ್ನಿಗೆ ಹೋದಾಗ ಎರಡು ಕಿರೀಟಗಳಲ್ಲಿ ಮುಲಾಮು ಹಾಕಿದ ಬೆಳ್ಳಿಯದನ್ನು ಮರಳಿಸಲು ಒಪ್ಪಿ, ಬಂಗಾರದ್ದನ್ನು ಇಟ್ಟುಕೊಂಡರು. ಇದಕ್ಕೆ ನಮ್ಮ ಕಡೆ ವ್ಯಾಪಾರ ಎನ್ನುತ್ತಾರೆ, ನ್ಯಾಯ ಎನ್ನುವುದಿಲ್ಲ.

ತೆವೊದ್ರೋಸ್ ತಾನೂ ಗೊಂಡಾರ್‌ನ ಚರ್ಚುಗಳನ್ನು ಸೂರೆ ಮಾಡಿದ್ದನಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಕಳ್ಳನ ಮನೆಗೆ ಕನ್ನ ಹಾಕಿದವನು ಯಾವಾಗಿನಿಂದ ಸಾಹುಕಾರನಾದ? 1963ರ ಕಾಯ್ದೆ ಕೈ ಕಟ್ಟಿದೆ ಎನ್ನುವವರೂ ಇದ್ದಾರೆ. ಆ ಗಂಟು ಹಾಕಿದ್ದು ಅವರದೇ ಪಾರ್ಲಿಮೆಂಟು, ಬಿಚ್ಚುವುದೂ ಅದಕ್ಕೆ ಗೊತ್ತು. ಮನಸ್ಸಿದ್ದವರು ಕೊಟ್ಟಿದ್ದಾರೆ. ಎಡಿನ್‌ಬರೋದ ಚರ್ಚೊಂದರ ಕಪಾಟಿನಲ್ಲಿ ಸಿಕ್ಕ ತಾಬೋತ್ 2002ರಲ್ಲಿ ಅಡಿಸ್ ಅಬಾಬಕ್ಕೆ ಮರಳಿದಾಗ ಸಾವಿರಾರು ಜನ ಬೀದಿಗಿಳಿದು ಬರಮಾಡಿಕೊಂಡರು. ಅದು ಬರೀ ವಸ್ತುವಾಗಿದ್ದರೆ ಅಷ್ಟು ಜನ ಬರುತ್ತಿದ್ದರೇ?

ಟಿಪ್ಪುವಿನ ಹುಲಿ ಬರಲಿ ಎಂದು ನಾನೂ ಬಯಸುತ್ತೇನೆ. ಆದರೆ ನಾವು ಕಳೆದುಕೊಂಡವರು ಮಾತ್ರವಲ್ಲ, ಮಕ್ದಲಾದ ಗುಡ್ಡದಲ್ಲಿ ಲೂಟಿಗೆ ಹೆಗಲು ಕೊಟ್ಟವರೂ ಹೌದು. ಹುಲಿಯನ್ನು ಕೇಳುವ ಬಾಯಿ ಆ ಹನ್ನೊಂದು ತಾಬೋತ್‌ಗಳನ್ನೂ ಕೇಳಲಿ. ಇಲ್ಲವಾದರೆ ನಮ್ಮ ಸಿಟ್ಟು ಲೂಟಿಯ ಮೇಲಲ್ಲ, ನಮ್ಮದು ಹೋಯಿತಲ್ಲ ಎಂಬುದರ ಮೇಲೆ ಮಾತ್ರ.