ಮೊದಲು ಮೈಕು, ಆಮೇಲೆ ಹೆಡ್‌ಫೋನು

ಪುಣೆಯ ವಿಮಾನ ನಗರದಲ್ಲಿ ನಿಶ್ಶಬ್ದವೆಂಬುದು ದುರ್ಲಭವಾದ ವಸ್ತು. 1939ರಲ್ಲಿ ಸ್ಥಾಪಿತವಾದ ಲೋಹೆಗಾಂವದ ವಾಯುಪಡೆಯ ನೆಲೆಯ ರನ್‌ವೇಯನ್ನೇ ಪ್ರಯಾಣಿಕರ ವಿಮಾನಗಳೂ ಬಳಸುವುದರಿಂದ, ಅವುಗಳ ದೀರ್ಘವಾದ ಮೊರೆತವು ಅಡಗುವ ಮೊದಲೇ ಸುಖೋಯ್ ಯುದ್ಧವಿಮಾನವೊಂದು ಕಿಟಕಿಯ ಗಾಜುಗಳನ್ನು ಅದುರಿಸುತ್ತ ಮೇಲೇರುತ್ತದೆ. ಕೆಳಗೆ ‘ನಗರ್ ರೋಡ್’ನ ವಾಹನಗಳ ಹಾರ್ನು ಮಧ್ಯರಾತ್ರಿಯ ಅನಂತರವೂ ಪೂರ್ಣವಾಗಿ ನಿಲ್ಲುವುದಿಲ್ಲ. ಸಿಂಬಯಾಸಿಸ್‌ನ ವಿದ್ಯಾರ್ಥಿಗಳೂ ಖರಾಡಿಯ ಐ.ಟಿ. ಕಚೇರಿಗಳಲ್ಲಿ ದುಡಿಯುವ ತರುಣರೂ ಮೂವರು ನಾಲ್ವರು ಸೇರಿ ಒಂದೊಂದು ಫ್ಲ್ಯಾಟನ್ನು ಬಾಡಿಗೆಗೆ ಹಿಡಿದಿರುವ ಈ ಬಡಾವಣೆಯಲ್ಲಿ ವಿಜಯಪುರ, ಕಲಬುರಗಿ, ಧಾರವಾಡ, ಬೆಳಗಾವಿಗಳಿಂದ ಬಂದ ನಮ್ಮ ಹುಡುಗರು ಕಡಮೆಯೇನಿಲ್ಲ. ಹಗಲಿನ ಕೆಲಸ ಮುಗಿಸಿ ಅವರು ರಾತ್ರಿ ವ್ಯಾಲರಂಟ್, ಕೌಂಟರ್‌ಸ್ಟ್ರೈಕ್, ಬಿಜಿಎಂಐ ಆಟಗಳಲ್ಲಿ ತೊಡಗಿದಾಗ, ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತಿರುವ ಹಳೆಯ ಸಹಪಾಠಿಗಳಿಗೆ ಕೊಡುವ ಎಚ್ಚರಿಕೆ ಗೋಡೆಯಾಚೆಗೂ ಕೇಳಿಬರುತ್ತದೆ: “ಎಡಕ್ಕ ಅದಾನ್ಲೇ, ಎಡಕ್ಕ!”

ಇದನ್ನು ಕಾಲಹರಣವೆಂದು ತಳ್ಳಿಹಾಕುವ ಹಿರಿಯರ ಅಭಿಪ್ರಾಯವನ್ನು ನಾನು ಒಪ್ಪಲಾರೆ. 2023ರಲ್ಲಿ ಚೀನದ ಹಾಂಗ್‌ಝೌದಲ್ಲಿ ಜರುಗಿದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗಳಿಗೆ ಪದಕದ ಮಾನ್ಯತೆ ದೊರೆಯಿತು. ಇದೇ ಪುಣೆಯ ಸೂಪರ್‌ಗೇಮಿಂಗ್ ಸಂಸ್ಥೆಯು ‘ಇಂಡಸ್’ ಎಂಬ ಆಟವನ್ನು ನಿರ್ಮಿಸಿ 2024ರಲ್ಲಿ ಬಿಡುಗಡೆ ಮಾಡಿತು. ಅದಕ್ಕಿಂತಲೂ ಮುಖ್ಯವಾದುದೆಂದರೆ, ಊರು ಬಿಟ್ಟು ಬಂದ ಹುಡುಗರಿಗೆ ತಮ್ಮ ತಾಯ್ನುಡಿಯನ್ನು ಮನಸಾರೆ ಆಡುವ ಅವಕಾಶವು ದಿನದಲ್ಲಿ ದೊರೆಯುವುದು ಅನೇಕ ವೇಳೆ ಆ ಒಂದೆರಡು ಗಂಟೆಗಳಲ್ಲಿ ಮಾತ್ರ. ಅಂತಹ ಮಾತು ಕೇಳುವವರಿಗೆ ಸ್ಪಷ್ಟವಾಗಿ ತಲುಪಬೇಕೆಂಬುದೇ ನಾನಿಲ್ಲಿ ಪ್ರತಿಪಾದಿಸಬಯಸುವ ವಿಷಯ.

ಹೆಡ್‌ಫೋನಿನ ವಿಚಾರವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಶಬ್ದವೊಂದು ಬಲಗಡೆಯಿಂದ ಬಂದಾಗ ಅದು ಎಡಗಿವಿಗೆ ತಡವಾಗಿಯೂ ಕೊಂಚ ಮಂದವಾಗಿಯೂ ತಲುಪುತ್ತದೆ; ಆ ತಡವು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಮೆಯಾದರೂ ಮಿದುಳು ಅದನ್ನು ಗ್ರಹಿಸಿ ದಿಕ್ಕನ್ನು ನಿರ್ಣಯಿಸಬಲ್ಲುದೆಂಬುದನ್ನು ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲಿಯೇ ವಿವರಿಸಿದ್ದನು. ಮುಂದೆ ಹಿಂದೆ, ಮೇಲೆ ಕೆಳಗೆ ಎಂಬ ಭೇದವನ್ನು ತಿಳಿಸುವುದು ಹೊರಗಿವಿಯ ಮಡಿಕೆಗಳು ಶಬ್ದದಲ್ಲಿ ಉಂಟುಮಾಡುವ ಸೂಕ್ಷ್ಮವಾದ ಮಾರ್ಪಾಟು. ಈ ಮಾರ್ಪಾಟನ್ನು ಆಟದ ತಂತ್ರಾಂಶವೇ ಲೆಕ್ಕಹಾಕಿ ಎರಡು ಕಿವಿಗಳಿಗೆ ಹಂಚಬಲ್ಲುದಾದುದರಿಂದ, ಪೆಟ್ಟಿಗೆಯ ಮೇಲೆ ‘7.1 ಸರೌಂಡ್’ ಎಂದು ಮುದ್ರಿಸಿದುದಕ್ಕಾಗಲಿ, ಬಣ್ಣಬಣ್ಣದ ದೀಪಗಳಿಗಾಗಲಿ ಹೆಚ್ಚಿನ ಬೆಲೆ ತೆರುವುದು ಅನಾವಶ್ಯಕ. ಆಟದೊಳಗಿನ ಈ ಸೌಲಭ್ಯವನ್ನೂ ಹೆಡ್‌ಸೆಟ್ಟಿನ ಸೌಲಭ್ಯವನ್ನೂ ಒಟ್ಟಿಗೆ ಚಾಲನೆಯಲ್ಲಿಟ್ಟರೆ ದಿಕ್ಕು ಇನ್ನಷ್ಟು ಕಲಸಿಹೋಗುತ್ತದೆ. ಹಿಂಬದಿ ತೆರೆದಿರುವ ಹೆಡ್‌ಫೋನುಗಳು ನಾದದ ವಿಸ್ತಾರದಲ್ಲಿ ಶ್ರೇಷ್ಠವೆಂಬುದು ನಿಜವಾದರೂ, ಅವು ಹೊರಗಿನ ಸದ್ದನ್ನು ತಡೆಯದೆ ಒಳಕ್ಕೆ ಬಿಡುವುದರಿಂದ, ವಿಮಾನ ನಗರದಂತಹ ಸ್ಥಳದಲ್ಲಿ ಕಿವಿಯನ್ನು ಪೂರ್ತಿಯಾಗಿ ಮುಚ್ಚುವ, ಹಗುರವಾದ, ತಂತಿಯುಳ್ಳ ಹೆಡ್‌ಫೋನೇ ಯೋಗ್ಯ.

ತಂತಿಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಸಾಮಾನ್ಯ ಬ್ಲೂಟೂತ್ ಸಾಧನಗಳಲ್ಲಿ ಶಬ್ದವು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಡವಾಗಿ ಬರುತ್ತದೆ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ಅವುಗಳ ಮೈಕನ್ನು ತೆರೆದ ಕ್ಷಣವೇ ಬಹುಪಾಲು ಸಾಧನಗಳು ದೂರವಾಣಿಯ ಕರೆಯ ರೀತಿಗೆ ಬದಲಾಗಿ, ಎಡಬಲಗಳ ಭೇದವನ್ನು ಕಳೆದುಕೊಂಡು, ಹೆಜ್ಜೆಯ ಸಪ್ಪಳವನ್ನೂ ಗುಂಡಿನ ಸದ್ದನ್ನೂ ಒಂದೇ ಮಸುಕಾದ ಧ್ವನಿಯನ್ನಾಗಿಸಿಬಿಡುತ್ತವೆ. ಹಾಡು ಕೇಳುವಾಗ ಸೊಗಸಾಗಿದ್ದ ಸಾಧನವು ಆಟ ಆರಂಭವಾದೊಡನೆ ಕೆಟ್ಟಿತೇಕೆಂದು ಪರಿತಪಿಸುವ ಎಷ್ಟೋ ಹುಡುಗರಿಗೆ ಈ ಕಾರಣ ತಿಳಿದಿರುವುದಿಲ್ಲ. ತಂತಿ ಬೇಡವೇ ಬೇಡವೆನ್ನುವವರು ಪ್ರತ್ಯೇಕವಾದ ಯುಎಸ್‌ಬಿ ಡಾಂಗಲ್ ಇರುವ ಹೆಡ್‌ಸೆಟ್ಟನ್ನು ಕೊಳ್ಳುವುದು ಲೇಸು.

ಕಿವಿಯ ಆರೋಗ್ಯದ ಮಾತನ್ನೂ ಇಲ್ಲಿಯೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ವಿಧಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್‌ವರೆಗಿನ ಶ್ರವಣ ಸುರಕ್ಷಿತ. ಮಕ್ಕಳಿಗೆ ಈ ಮಿತಿ 75. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ವಿಮಾನ ಹಾದುಹೋಗುವಾಗ ಶಬ್ದವನ್ನು ಏರಿಸಿ, ಅದು ದೂರವಾದ ಮೇಲೆ ಇಳಿಸಲು ಮರೆಯುವ ಅಭ್ಯಾಸ ಈ ಬಡಾವಣೆಯ ಆಟಗಾರರಿಗೆ ನಿಜವಾಗಿ ಅಪಾಯಕರವಾದುದು. ಆಟ ಮುಗಿದ ಮೇಲೂ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿಯುತ್ತಿದ್ದರೆ ಉಪೇಕ್ಷಿಸದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಕರ್ನಾಟಕದಲ್ಲಿರುವವರಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಇನ್ನು ಮೈಕು. ಹೆಡ್‌ಫೋನಿನ ದೋಷ ಕೊಂಡವನಿಗೆ ಕೇಳುತ್ತದೆ. ಮೈಕಿನ ದೋಷವು ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲರಿಗೂ ಕೇಳುತ್ತದೆ. ಹೆಡ್‌ಫೋನಿಗೆ ಸಾವಿರಾರು ರೂಪಾಯಿ ಸುರಿಯುವವರು ಮೈಕಿನ ಬಗೆಗೆ ಕ್ಷಣವೂ ಯೋಚಿಸದಿರುವುದಕ್ಕೆ ಇದೊಂದೇ ಕಾರಣವೆಂದು ನನ್ನ ದೃಢವಾದ ನಂಬಿಕೆ. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ಮನೆಯಿಂದ ಧ್ವನಿಯನ್ನು ಹೊರಗೆ ಕಳುಹಿಸುವುದೆಂಬುದು ಅಪೂರ್ವವಾದ ಸಾಹಸವಾಗಿತ್ತು. ಇಂದು ಪ್ರತಿಯೊಂದು ಮಲಗುವ ಕೋಣೆಯೂ ಪ್ರಸಾರಕೇಂದ್ರವಾಗಿದೆ, ಆದರೆ ತಾನು ಕಳುಹಿಸುತ್ತಿರುವುದು ಏನೆಂದು ಕೇಳಿನೋಡುವ ಪರಿಪಾಠ ಮಾತ್ರ ಕೋಣೆಗಳಿಗೆ ಬಂದಿಲ್ಲ.

ನಮ್ಮ ಕಟ್ಟಡದ ಧಾರವಾಡದ ಹುಡುಗನೊಬ್ಬನು ನನ್ನಲ್ಲಿ ಹೇಳಿಕೊಂಡ ದೂರು ಇದನ್ನೇ ತಿಳಿಸುತ್ತದೆ: “ಕಾಕಾ, ನನಗ ಎಲ್ಲಾ ಛಲೋ ಕೇಳಸ್ತೈತ್ರೀ, ಅವರಿಗೇ ನನ್ನ ಮಾತು ತಿಳಿವಲ್ದಂತ.” ಅವನು ದೊಡ್ಡದೊಂದು ಕಂಡೆನ್ಸರ್ ಮೈಕನ್ನು ಕೊಂಡು ಕೀಬೋರ್ಡಿನ ಹಿಂದೆ, ಬಾಯಿಂದ ಎರಡು ಅಡಿ ದೂರದಲ್ಲಿ, ತನ್ನ ಬೆನ್ನ ಹಿಂದಿನ ಕಿಟಕಿಗೆ ಅಭಿಮುಖವಾಗಿ ನಿಲ್ಲಿಸಿದ್ದನು, ಮೇಲೆ ಫ್ಯಾನು ಪೂರ್ಣ ವೇಗದಲ್ಲಿ ತಿರುಗುತ್ತಿತ್ತು. ಮೈಕಿಗೂ ಬಾಯಿಗೂ ಇರುವ ಅಂತರ ಅರ್ಧವಾದರೆ ಮಾತಿನ ಮಟ್ಟ 6 ಡೆಸಿಬೆಲ್ ಏರುತ್ತದೆ. ಕೋಣೆಯ ಗದ್ದಲವಾದರೋ ಹೆಚ್ಚುಕಡಮೆ ಇದ್ದಂತೆಯೇ ಇರುತ್ತದೆ. ಅಲ್ಲದೆ ‘ಕಾರ್ಡಿಯಾಯ್ಡ್’ ಎನಿಸುವ ಮೈಕುಗಳು ಎದುರಿನ ಶಬ್ದವನ್ನು ಚೆನ್ನಾಗಿಯೂ ಹಿಂದಿನದನ್ನು ಅತ್ಯಲ್ಪವಾಗಿಯೂ ಗ್ರಹಿಸುತ್ತವೆ. ಅವನು ಮೇಜನ್ನೇ ತಿರುಗಿಸಿ, ಮೈಕಿನ ಬೆನ್ನು ಕಿಟಕಿಯ ಕಡೆಗಿರುವಂತೆ ಮಾಡಿ, ಅದನ್ನು ಗೇಣಿಗಿಂತ ಹತ್ತಿರಕ್ಕೆ, ಉಸಿರು ನೇರವಾಗಿ ಬಡಿಯದಂತೆ ಬಾಯಿಯ ಪಕ್ಕಕ್ಕೆ ತಂದು, ಗೇನನ್ನು, ಎಂದರೆ ಮೈಕಿನ ಸಂಕೇತವನ್ನು ಹಿಗ್ಗಿಸುವ ಮಟ್ಟವನ್ನು, ತಗ್ಗಿಸಿದನು. ಅತ್ತ ಹುಬ್ಬಳ್ಳಿಯ ಗೆಳೆಯನಿಂದ ಬಂದ ಉತ್ತರವಿದು: “ಈಗ ಸ್ವಚ್ಛ ಕೇಳಾಕತ್ತೈತಿ ನೋಡಪಾ, ಇಷ್ಟ ದಿನಾ ಬರೇ ಫ್ಯಾನ್ ಕೇಳ್ತಿತ್ತು.” ಹೊಸದಾಗಿ ಖರ್ಚಾದುದು ಒಂದು ರೂಪಾಯಿಯೂ ಇಲ್ಲ.

ಆದುದರಿಂದ ಗದ್ದಲದ ಕೋಣೆಯಲ್ಲಿರುವವನು, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿನ ಬದಲು ಬಾಯಿಯ ಹತ್ತಿರವಿಟ್ಟು ಬಳಸುವ ಡೈನಾಮಿಕ್ ಮೈಕನ್ನು ಆರಿಸಿಕೊಳ್ಳುವುದು ವಿಹಿತ. ಅಷ್ಟು ಹಣವಿಲ್ಲದವನಿಗೆ ಹೆಡ್‌ಸೆಟ್ಟಿನ ಕಡ್ಡಿಯ ತುದಿಯಲ್ಲಿರುವ ಚಿಕ್ಕ ಮೈಕೇ ಧಾರಾಳವಾಗಿ ಸಾಕು. 1962ರಲ್ಲಿ ಬೆಲ್ ಪ್ರಯೋಗಾಲಯದ ಸೆಸ್ಲರ್ ಮತ್ತು ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಮೈಕಿನ ದೆಸೆಯಿಂದ ಅಂತಹ ಸಾಧನ ಅಗ್ಗವಾಗಿ ದೊರೆಯುತ್ತದೆ, ಮತ್ತು ಅದು ಬಾಯಿಯ ಬಳಿಯಲ್ಲಿಯೇ ಇರುವುದು ಅದರ ದೊಡ್ಡ ಗುಣ. ಡಿಸ್ಕಾರ್ಡ್ ಮೊದಲಾದ ಮಾತುಕತೆಯ ಆ್ಯಪ್‌ಗಳಲ್ಲಿರುವ ಸದ್ದಡಗಿಸುವ ತಂತ್ರಾಂಶ ಉಪಕಾರಿಯೇ ಸರಿ, ಆದರೆ ಮೆಲ್ಲನೆ ಮುಗಿಯುವ ಪದಾಂತ್ಯಗಳನ್ನು ಅದು ಕೆಲವೊಮ್ಮೆ ನುಂಗಿಬಿಡುತ್ತದೆ. ಮಾತನಾಡುವಾಗ ಮಾತ್ರ ಗುಂಡಿ ಒತ್ತಿ ಮೈಕನ್ನು ತೆರೆಯುವ ಅಭ್ಯಾಸವನ್ನು ನಾನು ಅದಕ್ಕಿಂತ ಮೇಲೆಂದು ಎಣಿಸುತ್ತೇನೆ.

ಪುಣೆಯ ಬುಧವಾರ ಪೇಠೆಯಲ್ಲಿರುವ ತಪಕೀರ್ ಗಲ್ಲಿಯ ಎಲೆಕ್ಟ್ರಾನಿಕ್ ಅಂಗಡಿಗಳಿಗೆ ಹೋಗಿ ಹೆಡ್‌ಸೆಟ್ಟನ್ನು ಕೊಳ್ಳುವವರು ಪ್ಲಗ್ಗಿನ ತುದಿಯನ್ನು ನೋಡಬೇಕು: ಅದರಲ್ಲಿ ಮೂರು ಕಪ್ಪು ಉಂಗುರಗಳಿದ್ದರೆ ಮೈಕೂ ಸೇರಿದೆಯೆಂದರ್ಥ, ಎರಡೇ ಇದ್ದರೆ ಇಲ್ಲ. ಕಂಪ್ಯೂಟರಿನಲ್ಲಿ ಮೈಕಿಗೆ ಬೇರೆ ರಂಧ್ರವಿದ್ದಲ್ಲಿ ಒಂದು ಸ್ಪ್ಲಿಟರ್ ತಂತಿಯೂ ಬೇಕಾಗುತ್ತದೆ. ಆದರೆ ಅಂಗಡಿಗೆ ಹೊರಡುವ ಮೊದಲು, ಫ್ಯಾನನ್ನೂ ಕಿಟಕಿಯನ್ನೂ ಎಂದಿನಂತೆಯೇ ಇರಿಸಿ, ಈಗಿರುವ ಮೈಕಿನಲ್ಲಿ ಒಂದು ನಿಮಿಷ ಮಾತನಾಡಿ, ಕೀಬೋರ್ಡನ್ನೂ ಆಡುವಷ್ಟೇ ರಭಸದಿಂದ ಒತ್ತಿ, ಅದನ್ನು ಧ್ವನಿಮುದ್ರಿಸಿಕೊಂಡು ಪೂರ್ತಿ ಕೇಳಲಿ. ಅಡಚಣೆ ಮೈಕಿನದೋ, ಅದನ್ನಿಟ್ಟ ಸ್ಥಳದ್ದೋ, ಕೋಣೆಯದೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಕೊಳ್ಳಬೇಕಾದುದು ಏನೆಂಬುದು ಆ ಬಳಿಕ ತೀರ್ಮಾನಿಸತಕ್ಕ ವಿಷಯ.