ನೀರು ಸುರಿಯುವುದು ರಿಪೇರಿಯಲ್ಲ

ಪಿಕಪ್‌ನ ಟೆಂಪರೇಚರ್ ಮುಳ್ಳು ಏರಿದರೆ ಒಂದು ಬಾಟಲಿ ನೀರು, ತಪ್ಪಿದರೆ ರೇಡಿಯೇಟರಿಗೆ ಹಿಡಿ ಅರಿಶಿನ ಪುಡಿ: ಇದನ್ನೇ ರಿಪೇರಿ ಎನ್ನುವ ಮಾಲಕರು ನಮ್ಮಲ್ಲಿ ಅನೇಕರಿದ್ದಾರೆ. ನಾವಿದನ್ನು ಒಪ್ಪುವುದಿಲ್ಲ. ದಾರಿಯಲ್ಲಿ ಗಾಡಿ ನಿಂತರೆ ಸಾಂಬಾರು ಪಾತ್ರೆಯಲ್ಲೇ ಉಳಿಯುತ್ತದೆ, ಪಂಕ್ತಿಯಲ್ಲಿ ಕುಳಿತವರು ಬರಿಯ ಎಲೆ ನೋಡುತ್ತಾರೆ. ಬೈಗುಳ ಮಾತ್ರ ಡ್ರೈವರನಿಗೆ!

ಕೂಲೆಂಟ್ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಿರಿ. ರಾತ್ರಿ ಇಂಜಿನ್ನಿನ ಅಡಿ ರಟ್ಟು ಹಾಸಿ, ಬೆಳಿಗ್ಗೆ ಬಣ್ಣದ ಕಲೆ ಎಲ್ಲಿದೆಯೆಂದು ನೋಡಿ. ತೀರಾ ಮುಂದೆ ಇದ್ದರೆ ರೇಡಿಯೇಟರ್ ಅಥವಾ ಹೋಸ್, ಬೆಲ್ಟಿನ ಬಳಿಯಾದರೆ ವಾಟರ್ ಪಂಪ್ ಮೇಲೆ ಸಂಶಯ. ರಟ್ಟು ಒಣಗಿಯೇ ಇದ್ದರೆ ಸಮಾಧಾನ ಬೇಡ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ, ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಂಥ ಗಾಡಿಯನ್ನು ಆರ್ಡರಿಗೆ ಕಳುಹಿಸಲೇಬಾರದು.

ಕುಕ್ಕರಿನ ಆವಿ ಇಳಿಯುವ ಮುನ್ನ ಮುಚ್ಚಳ ಮುಟ್ಟದ ನಾವು, ಬಿಸಿ ರೇಡಿಯೇಟರಿನ ಕ್ಯಾಪ್ ತೆರೆಯಲು ಹುಡುಗನನ್ನು ಅವಸರಪಡಿಸುವುದೇಕೆ? ಕೈ ಮುಖ ಬೇಯುವುದು ಅವನದು. ಲಗ್ನದ ಸೀಜನ್ನಿಗೆ ಮೊದಲೇ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು, ಕ್ಯಾಪ್ ಸಹಿತ ಪ್ರೆಶರ್ ಟೆಸ್ಟ್ ಮಾಡಿಸಿ. ಆ ಖರ್ಚು ಮಾಲಕರದ್ದು.